ಲಾ ಫರ್ಮ್, ಸೀನಿಯರ್ ಆಫೀಸ್, ಕಂಪನಿ: ಕಾನೂನು ಓದಿದವರ ಮೊದಲ ಅರ್ಜಿ ಎಲ್ಲಿಗೆ?

ಎಲ್‌ಎಲ್‌ಬಿ ಕೊನೇ ವರ್ಷಕ್ಕೆ ಬಂದವರ ತಲೆಯಲ್ಲಿ ಓಡುವ ಪ್ರಶ್ನೆ ಇದು. ಬೆಂಗಳೂರಿನ ದೊಡ್ಡ ಲಾ ಫರ್ಮ್‌ಗೆ ಟ್ರೈನಿಯಾಗಿ ಸೇರಲು ಪ್ರಯತ್ನ ಪಡಬೇಕಾ, ಸಣ್ಣ ಫರ್ಮ್ ಸಾಕಾ, ಒಬ್ಬ ಸೀನಿಯರ್ ವಕೀಲರ ಹತ್ತಿರ ಜೂನಿಯರ್ ಆಗಬೇಕಾ, ಇಲ್ಲಾ ಯಾವುದಾದರೂ ಕಂಪನಿಯ ಲೀಗಲ್ ವಿಭಾಗದಲ್ಲಿ ಕೆಲಸ ಹಿಡಿಯಬೇಕಾ? ಹೋಲಿಸುವಾಗ ಹೆಚ್ಚಿನವರು ನೋಡುವುದು ಎರಡೇ, ಸಂಬಳ ಮತ್ತು ಹೆಸರು. ಎರಡೂ ಬೇಕು. ತಿಂಗಳು ತಿಂಗಳು ಪಿಜಿ ಬಾಡಿಗೆ ಕಟ್ಟಬೇಕಾದವರಿಗೆ ಸಂಬಳ ಮುಖ್ಯ ಅಲ್ಲ ಅಂತ ಹೇಳುವ ಹಕ್ಕು ಯಾರಿಗೂ ಇಲ್ಲ. ಆದರೆ ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದದ್ದು ಬೇರೆ ಇದೆ. ಮೂರು ವರ್ಷ ಕಳೆದ ಮೇಲೆ ಯಾರ ಸಹಾಯವೂ ಇಲ್ಲದೆ ನಿಮಗೆ ಏನು ಮಾಡಲು ಬರುತ್ತದೆ? ಆ ಹೊತ್ತಿಗೆ ಯಾವ ದಾರಿ ಮುಚ್ಚಿಹೋಗಿರುತ್ತದೆ?

ಇದನ್ನು ಬರೆಯುತ್ತಿರುವುದು ಮುಖ್ಯವಾಗಿ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕೆಳಗೆ ಬರುವ ಕಾಲೇಜುಗಳಲ್ಲಿ ಓದುತ್ತಿರುವವರಿಗಾಗಿ. ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲ್‌ನಂಥ ಕಡೆ ಫರ್ಮ್‌ಗಳೇ ಕ್ಯಾಂಪಸ್‌ಗೆ ಬಂದು ಆರಿಸಿಕೊಳ್ಳುತ್ತವೆ. ದಾವಣಗೆರೆ, ಹಾಸನ, ವಿಜಯಪುರದಲ್ಲಿ ಓದುವವರಿಗೆ ಆ ಅನುಕೂಲ ಕಮ್ಮಿ. ಅವರೇ ಹೋಗಿ ಬಾಗಿಲು ತಟ್ಟಬೇಕು. ಅದಕ್ಕೇ ಯಾವ ಬಾಗಿಲು ಅನ್ನುವುದು ಮೊದಲೇ ಗೊತ್ತಿರಬೇಕು.

ಜಡ್ಜ್ ಆಗುವ ಆಸೆ ಇದೆಯಾ?

ಇದಕ್ಕೆ ಉತ್ತರ ಸಿಗದೆ ಒಂದೂ ಅರ್ಜಿ ಕಳಿಸಬೇಡಿ. 2025ರ ಮೇ 20ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಸಿವಿಲ್ ಜಡ್ಜ್ ಹುದ್ದೆಗೆ ಅರ್ಜಿ ಹಾಕಲು ಕನಿಷ್ಠ 3 ವರ್ಷ ವಕೀಲಿಕೆ ಮಾಡಿರಬೇಕು ಅಂತ ಅದು ಹೇಳಿತು. ಕಾಲೇಜಿನಿಂದ ಹೊರಬಂದ ವರ್ಷವೇ ಪರೀಕ್ಷೆ ಬರೆಯುವ ಲೆಕ್ಕಾಚಾರ ಅಲ್ಲಿಗೆ ಮುಗಿಯಿತು. ಇದರಲ್ಲಿ ಗಮನಿಸಬೇಕಾದ ಎರಡು ಸಂಗತಿ ಇವೆ. ಒಂದು, ಈ ಮೂರು ವರ್ಷದ ಎಣಿಕೆ ಶುರುವಾಗುವುದು ಬಾರ್ ಕೌನ್ಸಿಲ್‌ನಲ್ಲಿ ತಾತ್ಕಾಲಿಕವಾಗಿ ಎನ್‌ರೋಲ್ ಆದ, ಅಂದರೆ ವಕೀಲರಾಗಿ ಹೆಸರು ನೋಂದಾಯಿಸಿದ ದಿನದಿಂದ, ಎಐಬಿಇ (ವಕೀಲರಿಗಾಗಿ ನಡೆಯುವ ಅಖಿಲ ಭಾರತ ಬಾರ್ ಪರೀಕ್ಷೆ) ಪಾಸಾಗುವವರೆಗೆ ಕಾಯಬೇಕಿಲ್ಲ. ಎರಡು, ನೀವು ವಕೀಲಿಕೆ ಮಾಡಿದ್ದೀರಿ ಅಂತ ಪ್ರಮಾಣಪತ್ರ ಬೇಕು. ಅದನ್ನು ಆ ಕೋರ್ಟಿನ ಪ್ರಧಾನ ನ್ಯಾಯಾಧೀಶರು ಕೊಡಬೇಕು, ಇಲ್ಲಾ ಕನಿಷ್ಠ 10 ವರ್ಷ ಅನುಭವದ ವಕೀಲರು ಕೊಟ್ಟದ್ದಕ್ಕೆ ನ್ಯಾಯಾಧೀಶರ ಮೇಲುಸಹಿ ಇರಬೇಕು. ಮೂರು ವರ್ಷ ಫರ್ಮ್‌ನ ಕಾರ್ಪೊರೇಟ್ ಟೀಮಿನಲ್ಲಿ ಕೂತು ಕೋರ್ಟ್ ಮೆಟ್ಟಿಲನ್ನೇ ಹತ್ತದವರಿಗೆ ಇಂಥ ಪತ್ರ ಯಾರು ಕೊಡುತ್ತಾರೆ, ಯಾವ ಧೈರ್ಯದ ಮೇಲೆ ಕೊಡುತ್ತಾರೆ, ಯೋಚಿಸಿ. ಅರ್ಜಿ ಹಾಕುವ ಹೊತ್ತಿಗೆ ಆ ವರ್ಷದ ಅಧಿಸೂಚನೆಯನ್ನು ಮಾತ್ರ ಒಮ್ಮೆ ಪೂರ್ತಿ ಓದಿಕೊಳ್ಳಿ.

ಅದಕ್ಕೇ ಎಲ್ಲಿಗೇ ಸೇರಿದರೂ ಮಾರ್ಕ್ಸ್‌ ಕಾರ್ಡ್ ಕೈಗೆ ಬಂದ ಕೂಡಲೇ ಎನ್‌ರೋಲ್ ಆಗಿಬಿಡಿ. ಹಿಂದೆ ಹಲವು ರಾಜ್ಯಗಳ ಬಾರ್ ಕೌನ್ಸಿಲ್‌ಗಳು ಸಾವಿರಾರು ರೂಪಾಯಿ ಶುಲ್ಕ ತೆಗೆದುಕೊಳ್ಳುತ್ತಿದ್ದವು. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸಿತು. ಸಾಮಾನ್ಯ ವರ್ಗದವರಿಗೆ ₹750, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ₹125, ಎನ್‌ರೋಲ್‌ಮೆಂಟ್ ಶುಲ್ಕ ಇದಕ್ಕಿಂತ ಜಾಸ್ತಿ ಇರುವಂತಿಲ್ಲ. ದುಡ್ಡಿಲ್ಲ ಅಂತ ಮುಂದಕ್ಕೆ ಹಾಕುತ್ತಿದ್ದವರಿಗೆ ಈಗ ಆ ಕಾರಣ ಉಳಿದಿಲ್ಲ.

ದೊಡ್ಡ ಫರ್ಮ್

ಎಜೆಡ್‌ಬಿ, ಖೇತಾನ್, ಸಿರಿಲ್ ಅಮರ್‌ಚಂದ್, ಶಾರ್ದೂಲ್ ಅಮರ್‌ಚಂದ್, ಟ್ರೈಲೀಗಲ್, ಜೆಎಸ್‌ಎ, ಇವರಿಗೆಲ್ಲ ಬೆಂಗಳೂರಿನಲ್ಲಿ ಆಫೀಸ್ ಇದೆ. ಈ ಮಟ್ಟದ ಫರ್ಮ್‌ಗಳಲ್ಲಿ ಹೊಸಬರಿಗೂ ತಿಂಗಳಿಗೆ ಲಕ್ಷ ದಾಟುವುದು ಸಾಮಾನ್ಯ. ಎಷ್ಟೋ ಕಡೆ ಇದು ಸಂಬಳದ ಲೆಕ್ಕದಲ್ಲಿ ಬರುವುದಿಲ್ಲ, ರಿಟೈನರ್ ಶುಲ್ಕ ಅಂತ, ಅಂದರೆ ನೌಕರರಲ್ಲದ ವೃತ್ತಿಪರರಿಗೆ ಕೊಡುವ ಶುಲ್ಕವಾಗಿ ಬರುತ್ತದೆ. ಶೇ 10 ಟಿಡಿಎಸ್ ಹಿಡಿದು ಕೊಡುತ್ತಾರೆ, ಪಿಎಫ್ ಇರುವುದಿಲ್ಲ. ಆಫರ್ ಲೆಟರ್ ಬಂದಾಗ ಈ ಸಾಲು ಹುಡುಕಿ ಓದಿ.

ಕೆಲಸ ಹೇಗಿರುತ್ತದೆ? ಒಂದು ಕಂಪನಿ ಇನ್ನೊಂದನ್ನು ಕೊಳ್ಳುತ್ತಿದೆ ಅಂದುಕೊಳ್ಳಿ. ಮಾರುವ ಕಂಪನಿಯ ಎಲ್ಲ ಕರಾರುಗಳನ್ನೂ ಆನ್‌ಲೈನ್ ಫೋಲ್ಡರ್ ಒಂದರಲ್ಲಿ ಹಾಕಿರುತ್ತಾರೆ. ಬಾಡಿಗೆ ಕರಾರು, ಬ್ಯಾಂಕ್ ಸಾಲದ ಕರಾರು, ಸಾಫ್ಟ್‌ವೇರ್ ಲೈಸೆನ್ಸ್, ನೌಕರರ ಪತ್ರ, ಎಲ್ಲ ಸೇರಿ ನೂರಾರು. ಅವುಗಳಲ್ಲಿ ಕೆಲವಕ್ಕೆ, ಕಂಪನಿಯ ಮಾಲೀಕತ್ವ ಬದಲಾದರೆ ಎದುರು ಪಕ್ಷ ಕರಾರು ರದ್ದು ಮಾಡಬಹುದು ಅನ್ನುವ ಷರತ್ತು ಇರುತ್ತದೆ. ಆ ಷರತ್ತು ಯಾವ ಕರಾರಿನ ಎಷ್ಟನೇ ಪುಟದಲ್ಲಿದೆ, ಮೊದಲೇ ಒಪ್ಪಿಗೆ ತೆಗೆದುಕೊಳ್ಳಬೇಕಾ ಇಲ್ಲಾ ತಿಳಿಸಿದರೆ ಸಾಕಾ, ಇದನ್ನು ಒಂದೊಂದಾಗಿ ಓದಿ ಪಟ್ಟಿ ಮಾಡುವುದು ಟ್ರೈನಿಯ ಕೆಲಸ. ಕೇಳಲು ಸಪ್ಪೆ ಅನಿಸಬಹುದು. ಆದರೆ ಒಂದು ಷರತ್ತು ಕಣ್ತಪ್ಪಿದರೆ ಕೊಂಡವರಿಗೆ ಮುಖ್ಯ ಗ್ರಾಹಕನೇ ಕೈಬಿಟ್ಟು ಹೋಗಬಹುದು. ಇದನ್ನು ಒಂದು ವರ್ಷ ಶ್ರದ್ಧೆಯಿಂದ ಮಾಡಿದವರಿಗೆ ಕರಾರು ಓದುವ ಕಣ್ಣು ಬರುತ್ತದೆ. ಆ ಶಿಸ್ತು ಬೇರೆ ಕಡೆ ಸುಲಭಕ್ಕೆ ಸಿಗುವುದಿಲ್ಲ. ವ್ಯವಹಾರ ಮುಗಿಯುವ ವಾರ ರಾತ್ರಿ ಎರಡು ಗಂಟೆವರೆಗೆ ಕೂರಬೇಕಾಗುತ್ತದೆ ಅನ್ನುವುದೂ ಗೊತ್ತಿರಲಿ.

ಒಳಗೆ ಹೋಗುವುದು ಹೇಗೆ? ಕ್ಯಾಂಪಸ್ ದಾರಿ ಇಲ್ಲದವರಿಗೆ ಇಂಟರ್ನ್‌ಶಿಪ್ ಒಂದೇ ಗಟ್ಟಿ ದಾರಿ. ಮೊದಲು ಸಾಮಾನ್ಯ ಇಂಟರ್ನ್‌ಶಿಪ್, ಅಲ್ಲಿ ಒಳ್ಳೆಯ ಹೆಸರು ಬಂದರೆ ಕೊನೇ ವರ್ಷ ಅಸೆಸ್‌ಮೆಂಟ್ ಇಂಟರ್ನ್‌ಶಿಪ್ (ಕೆಲಸಕ್ಕೆ ತಕ್ಕವರಾ ಅಂತ ಅಳೆಯುವುದು), ಅದರಲ್ಲೂ ಗೆದ್ದರೆ ಕೆಲಸದ ಆಫರ್. ಸ್ಥಾನಗಳು ತಿಂಗಳುಗಟ್ಟಲೆ ಮೊದಲೇ ತುಂಬಿಹೋಗುತ್ತವೆ. ಮೇ ತಿಂಗಳಿಗೆ ಬೇಕಾದರೆ ಏಪ್ರಿಲ್‌ನಲ್ಲಿ ಬರೆದು ಪ್ರಯೋಜನ ಇಲ್ಲ, ಹಿಂದಿನ ದಸರಾ ಹೊತ್ತಿಗೇ ಕಳಿಸಿರಬೇಕು.

ಇನ್ನು ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಒಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ಈ ಫರ್ಮ್‌ಗಳಲ್ಲಿ ರಿಯಲ್ ಎಸ್ಟೇಟ್ ಟೀಮ್ ಅಂತ ಇರುತ್ತದೆ. ಬೆಂಗಳೂರಿನ ಸುತ್ತ ಯಾವುದಾದರೂ ಕಂಪನಿ ಜಮೀನು ಕೊಳ್ಳುವ ಮೊದಲು ಹಕ್ಕು ಸರಿಯಾಗಿದೆಯಾ ಅಂತ ನೋಡುವುದು ಇವರ ಕೆಲಸ. ದೇವನಹಳ್ಳಿಯ ಒಂದು ಸರ್ವೆ ನಂಬರ್ ತೆಗೆದುಕೊಂಡರೆ ಮೂವತ್ತು ನಲವತ್ತು ವರ್ಷದ ಕ್ರಯಪತ್ರಗಳು, ಪಹಣಿ, ಮ್ಯುಟೇಶನ್ (ಖಾತೆ ಬದಲಾವಣೆ), ಇಸಿ (ಋಣಭಾರ ಪತ್ರ), ಆಕಾರಬಂದ್ (ಸರ್ವೆ ವಿಸ್ತೀರ್ಣದ ದಾಖಲೆ), ವಂಶವೃಕ್ಷ, ಭೂಪರಿವರ್ತನೆ ಆದೇಶ, ಎಲ್ಲ ನೋಡಬೇಕು. ಹಳೆಯವು ಬಹುಪಾಲು ಕೈಬರಹದ ಕನ್ನಡದಲ್ಲಿ ಇರುತ್ತವೆ. ‘ದರಖಾಸ್ತಿನಲ್ಲಿ ಮಂಜೂರಾದ’, ಅಂದರೆ ಅರ್ಜಿಯ ಮೇಲೆ ಸರ್ಕಾರ ಕೊಟ್ಟ ಜಮೀನು, ಅನ್ನುವ ಎರಡು ಪದ ಕಣ್ಣಿಗೆ ಬಿದ್ದರೆ ಅಲ್ಲಿಗೆ ನಿಲ್ಲಬೇಕು. ಮಂಜೂರು ಯಾರಿಗೆ ಆಗಿತ್ತು, ಷರತ್ತು ಏನಿತ್ತು, 1978ರ ಪಿಟಿಸಿಎಲ್ ಕಾಯ್ದೆ (ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ ಕಾಯ್ದೆ) ಅನ್ವಯ ಆಗುತ್ತದಾ ಅಂತ ಹುಡುಕಬೇಕು. ಅನ್ವಯ ಆದರೆ ಸರ್ಕಾರದ ಅನುಮತಿ ಇಲ್ಲದೆ ಆದ ಮಾರಾಟ ಊರ್ಜಿತವಾಗುವುದಿಲ್ಲ. ಇಂಗ್ಲಿಷ್ ಚೆನ್ನಾಗಿ ಬಂದು ಕನ್ನಡ ಓದಲು ಬಾರದವರು ಅನುವಾದಕ್ಕೆ ಕಾಯುತ್ತಾ ಕೂರಬೇಕು. ನೀವು ಮೂಲವನ್ನೇ ಓದುತ್ತೀರಿ. ಅರ್ಜಿಯಲ್ಲಿ ‘ಭಾಷೆಗಳು: ಕನ್ನಡ, ಇಂಗ್ಲಿಷ್’ ಅಂತ ಕೊನೆಯ ಸಾಲಿನಲ್ಲಿ ಬರೆದು ಬಿಡಬೇಡಿ. ಕಂದಾಯ ದಾಖಲೆ ಓದಲು ಬರುತ್ತದೆ ಅಂತ ಮೊದಲ ಪ್ಯಾರಾದಲ್ಲೇ ಹೇಳಿ. ಬರದಿದ್ದರೆ ನಿಮ್ಮ ಮನೆಯ, ಇಲ್ಲಾ ನೆಂಟರ ಜಮೀನಿನ ಪತ್ರಗಳನ್ನು ಇಟ್ಟುಕೊಂಡು ಹಕ್ಕು ಯಾರಿಂದ ಯಾರಿಗೆ ಬಂತು ಅಂತ ಬರೆದು ಅಭ್ಯಾಸ ಮಾಡಿ.

ಸಣ್ಣ ಮತ್ತು ಮಧ್ಯಮ ಫರ್ಮ್

ಎಂಟು ಹತ್ತು ಜನರಿಂದ ಮೂವತ್ತು ನಲವತ್ತು ಜನರವರೆಗಿನ ಫರ್ಮ್‌ಗಳು ಬೆಂಗಳೂರಲ್ಲಿ ಬೇಕಾದಷ್ಟಿವೆ. ಮಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲೂ ಇವೆ. ಜಿಲ್ಲಾ ಕಾಲೇಜಿನಿಂದ ಬಂದು, ಇನ್ನೂ ಯಾವ ಕಡೆ ಹೋಗಬೇಕು ಅಂತ ಖಚಿತ ಇಲ್ಲದವರಿಗೆ ನನ್ನ ಮೊದಲ ಆಯ್ಕೆ ಇದೇ, ಒಂದೇ ಷರತ್ತು, ಫರ್ಮ್‌ಗೆ ಕೋರ್ಟ್ ಕೆಲಸವೂ ಇರಬೇಕು.

ಇಲ್ಲಿ ಕೆಲಸ ಟೀಮು ಟೀಮಾಗಿ ಹಂಚಿಹೋಗಿರುವುದಿಲ್ಲ. ಬೆಳಗ್ಗೆ ಒಂದು ಸ್ಟಾರ್ಟಪ್‌ನ ಕರಾರು ತಿದ್ದಿ, ಮಧ್ಯಾಹ್ನ ಕಮರ್ಷಿಯಲ್ ಕೋರ್ಟಿಗೆ ಹೋಗಿ, ಸಂಜೆ ಚೆಕ್ ಬೌನ್ಸ್ ನೋಟಿಸ್ ಬರೆಯುವ ದಿನಗಳು ಇರುತ್ತವೆ. ಮೊದಲ ತಿಂಗಳಲ್ಲೇ ಬರುವ ಕೆಲಸ ಅಂದರೆ ಈ ಚೆಕ್ ಬೌನ್ಸ್. ಬ್ಯಾಂಕಿನ ಮೆಮೊ ಬಂದ ಮೇಲೆ 30 ದಿನದೊಳಗೆ ನೋಟಿಸ್, ನೋಟಿಸ್ ತಲುಪಿದ ಮೇಲೆ ದುಡ್ಡು ಕಟ್ಟಲು 15 ದಿನ, ಅದು ಮುಗಿದ ಮೇಲೆ ದೂರು ಕೊಡಲು ಒಂದು ತಿಂಗಳು. ಈ ತಾರೀಖುಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಕಾಯುವುದನ್ನು ಕಲಿತವರು ಮುಂದೆ ಯಾವ ಕೇಸಿನಲ್ಲೂ ಗಡುವು ತಪ್ಪಿಸುವುದಿಲ್ಲ. ಕಮರ್ಷಿಯಲ್ ದಾವೆಯಲ್ಲಿ ಪ್ರತಿವಾದಿ ಲಿಖಿತ ಹೇಳಿಕೆ (ದಾವೆಗೆ ಉತ್ತರ) ಕೊಡಲು ಸಮನ್ಸ್ ತಲುಪಿ 120 ದಿನ ದಾಟಿದರೆ ಆ ಹಕ್ಕೇ ಹೋಗುತ್ತದೆ. ಇಂಥದ್ದು ಪುಸ್ತಕದಲ್ಲಿ ಓದಿದಾಗ ಒಂದು ಸಾಲು ಅಷ್ಟೇ. ಕಕ್ಷಿದಾರ 110ನೇ ದಿನ ಕಾಗದ ಹಿಡಿದು ಬಂದು ನಿಂತಾಗ ಅದರ ತೂಕ ತಿಳಿಯುತ್ತದೆ.

ದುಡ್ಡು ದೊಡ್ಡ ಫರ್ಮ್‌ಗಿಂತ ತುಂಬಾ ಕಮ್ಮಿ, ಸೀನಿಯರ್ ಆಫೀಸ್‌ಗಿಂತ ಸಾಮಾನ್ಯವಾಗಿ ಜಾಸ್ತಿ. ತೊಂದರೆ ಏನೆಂದರೆ ಎಲ್ಲವೂ ಒಬ್ಬ ಪಾರ್ಟ್‌ನರ್ ಮೇಲೆ ನಿಂತಿರುತ್ತದೆ. ಅವರು ನೀವು ಬರೆದದ್ದನ್ನು ಕೂತು ತಿದ್ದುವವರಾದರೆ ನಿಮ್ಮ ಅದೃಷ್ಟ. ಪುರುಸೊತ್ತೇ ಇಲ್ಲದವರಾದರೆ ಎರಡು ವರ್ಷ ನಕಲು ಅಂಟಿಸುವುದರಲ್ಲೇ ಕಳೆಯುತ್ತದೆ.

ಸೀನಿಯರ್ ಆಫೀಸ್

ವಾದ ಮಾಡುವ ಆಸೆ ಇರುವವರಿಗೆ, ಜಡ್ಜ್ ಆಗಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಇದರಲ್ಲೂ ಎರಡು ಬಗೆ ಇದೆ, ಹೈಕೋರ್ಟ್ ಆಫೀಸ್ ಮತ್ತು ಟ್ರಯಲ್ ಆಫೀಸ್, ಅಂದರೆ ಸಾಕ್ಷಿ ವಿಚಾರಣೆ ನಡೆಯುವ ಕೆಳಗಿನ ಕೋರ್ಟುಗಳಲ್ಲಿ ಕೇಸು ನಡೆಸುವುದು. ಹೈಕೋರ್ಟಿನಲ್ಲಿ ರಿಟ್, ಮೇಲ್ಮನವಿ, ಓದು ಜಾಸ್ತಿ, ಎಲ್ಲ ಇಂಗ್ಲಿಷ್‌ನಲ್ಲಿ. ಬೆಂಗಳೂರಿಗೇ ಬರಬೇಕು ಅಂತಿಲ್ಲ, 2013ರಿಂದ ಧಾರವಾಡ ಮತ್ತು ಕಲಬುರಗಿಯಲ್ಲಿ ಕಾಯಂ ಪೀಠಗಳಿವೆ. ಉತ್ತರ ಕರ್ನಾಟಕದವರು ಬೆಂಗಳೂರಿನ ಬಾಡಿಗೆಗೆ ಸುಮ್ನೆ ಹೆದರಿ ಹೈಕೋರ್ಟ್ ಆಸೆ ಬಿಡುವ ಅಗತ್ಯ ಇಲ್ಲ.

ಆದರೆ ಮೊದಲ ಎರಡು ವರ್ಷ ಟ್ರಯಲ್ ಆಫೀಸ್‌ನಲ್ಲಿ ಕಳೆಯಿರಿ ಅಂತಲೇ ನಾನು ಹೇಳುವುದು. ಬೆಳಗ್ಗೆ ಡೈರಿ ತೆಗೆದು ಯಾವ ಹಾಲ್‌ನಲ್ಲಿ ಯಾವ ಕೇಸು ಎಷ್ಟನೇ ನಂಬರ್ ಅಂತ ಬರೆದುಕೊಳ್ಳುತ್ತೀರಿ. ಸೀನಿಯರ್ ಒಂದು ಹಾಲ್‌ನಲ್ಲಿ ಕ್ರಾಸ್ (ಪಾಟೀ ಸವಾಲು) ಮಾಡುತ್ತಿರುವಾಗ ಇನ್ನೊಂದರಲ್ಲಿ ನಿಮ್ಮ ಕೇಸು ಕೂಗುತ್ತಾರೆ. ಓಡಿಹೋಗಿ ಎದ್ದು ನಿಂತು ಪಾಸ್‌ಓವರ್ (ಕೇಸನ್ನು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕರೆಯಿರಿ ಅಂತ) ಕೇಳಬೇಕು, ಜಡ್ಜ್ ಯಾಕೆ ಅಂತ ಕೇಳಿದರೆ ಒಂದೇ ವಾಕ್ಯದಲ್ಲಿ ಉತ್ತರ ಕೊಡಬೇಕು. ಆಮೇಲೆ ನಕಲು ಅರ್ಜಿ ಹಾಕಿ, ಆರ್ಡರ್ ಶೀಟ್ ನೋಡಿ, ಬೆಂಚ್ ಕ್ಲರ್ಕ್ ಹತ್ತಿರ ಮುಂದಿನ ಡೇಟ್ ಖಚಿತ ಮಾಡಿಕೊಂಡು ಆಫೀಸಿಗೆ ವಾಪಸ್. ಸಂಜೆ ಸಾಕ್ಷಿಯ ಜೊತೆ ಕೂತು ಅಫಿಡವಿಟ್ ತಯಾರು ಮಾಡುವಾಗ, ಕಕ್ಷಿದಾರ ಹೇಳುವ ಕತೆಯಲ್ಲಿ ಕೇಸಿಗೆ ಬೇಕಾದದ್ದು ಯಾವುದು, ಬೇಡವಾದದ್ದು ಯಾವುದು ಅಂತ ಬೇರೆ ಮಾಡಲು ಕಲಿಯುತ್ತೀರಿ. ಜಿಲ್ಲಾ ಕೋರ್ಟುಗಳಲ್ಲಿ ಕನ್ನಡ ನಡೆಯುತ್ತದೆ, ಸಾಕ್ಷಿ ಮಾತಾಡುವುದೂ ಕನ್ನಡದಲ್ಲೇ. ಪಾಟೀ ಸವಾಲಿನಲ್ಲಿ ಪ್ರಶ್ನೆ ಹೇಗೆ ಕಟ್ಟಬೇಕು ಅನ್ನುವುದನ್ನು ಹಿಂದಿನ ಬೆಂಚಿನಲ್ಲಿ ಕೂತು ಗಂಟೆಗಟ್ಟಲೆ ಕೇಳಿಯೇ ಕಲಿಯಬೇಕು, ಬೇರೆ ದಾರಿ ಇಲ್ಲ.

ಇಲ್ಲಿನ ದೊಡ್ಡ ನೋವು ದುಡ್ಡು. ಬಾರ್ ಕೌನ್ಸಿಲ್ ಆಫ್ ಇಂಡಿಯಾ 2024ರ ಅಕ್ಟೋಬರ್‌ನಲ್ಲಿ ಸುತ್ತೋಲೆ ಹೊರಡಿಸಿ, ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ ಕನಿಷ್ಠ ₹20,000, ಗ್ರಾಮೀಣ ಭಾಗದಲ್ಲಿ ₹15,000 ಕೊಡಿ ಅಂತ ಹೇಳಿತು. ಅದು ಶಿಫಾರಸು ಮಾತ್ರ, ಕಡ್ಡಾಯ ಅಲ್ಲ. ಅದಕ್ಕಿಂತ ಎಷ್ಟೋ ಕಮ್ಮಿ ಕೊಡುವ ಆಫೀಸ್‌ಗಳು ಇವೆ, ಏನೂ ಕೊಡದ ಆಫೀಸ್‌ಗಳೂ ಇವೆ. ಮನೆಯಿಂದ ದುಡ್ಡು ತರಲು ಆಗುವವರು ಮಾತ್ರ ವಕೀಲರಾಗಬೇಕು ಅನ್ನುವ ಪರಿಸ್ಥಿತಿ ಇದರಿಂದಲೇ ಹುಟ್ಟಿದ್ದು, ಇದು ತಪ್ಪು ಅಂತ ನನಗೆ ಖಚಿತವಾಗಿ ಅನಿಸುತ್ತದೆ. ಸೇರುವಾಗಲೇ ಎಷ್ಟು ಕೊಡುತ್ತೀರಿ ಸರ್, ಮೇಡಂ ಅಂತ ಕೇಳಿ. ಕೇಳಿದರೆ ಕೆಟ್ಟವರಾಗುತ್ತೇವೆ ಅನ್ನುವ ಹೆದರಿಕೆ ಬೇಡ. ಜೊತೆಗೆ, ಸಮಾಜ ಕಲ್ಯಾಣ ಇಲಾಖೆ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳು ಹೊಸ ಕಾನೂನು ಪದವೀಧರರಿಗೆ ನ್ಯಾಯಾಡಳಿತ ತರಬೇತಿ ಅಂತ ಮಾಸಿಕ ಭತ್ಯೆ ಕೊಡುತ್ತವೆ. ಜಿಲ್ಲಾ ಮಟ್ಟದಲ್ಲಿ ಅರ್ಜಿ ಕರೆಯುತ್ತಾರೆ, ಪೇಪರಿನಲ್ಲಿ ಸಣ್ಣದಾಗಿ ಬರುತ್ತದೆ. ಜಿಲ್ಲಾ ಕಚೇರಿಗೆ ಹೋಗಿ ಈ ವರ್ಷ ಯಾವಾಗ ಕರೆಯುತ್ತಾರೆ ಅಂತ ವಿಚಾರಿಸಿ.

ಕಂಪನಿ ಕೆಲಸ, ಲಾ ಕ್ಲರ್ಕ್ ಕೆಲಸ

ಕಂಪನಿಯಲ್ಲಿ ಸಂಬಳ ಸಮಯಕ್ಕೆ ಬರುತ್ತದೆ, ವಾರಾಂತ್ಯ ಸಿಗುತ್ತದೆ. ಆದರೆ ಬಾರ್ ಕೌನ್ಸಿಲ್‌ನ 49ನೇ ನಿಯಮದ ಪ್ರಕಾರ ಪೂರ್ಣಾವಧಿ ಸಂಬಳದ ನೌಕರರು ವಕೀಲಿಕೆ ಮಾಡುವಂತಿಲ್ಲ, ಸನ್ನದು, ಅಂದರೆ ವಕೀಲಿಕೆಯ ಪರವಾನಗಿ, ಅಮಾನತಿನಲ್ಲಿ ಇಡಬೇಕು. ಅಲ್ಲಿ ಕಳೆದ ವರ್ಷಗಳು ವಕೀಲಿಕೆಯ ಲೆಕ್ಕಕ್ಕೆ ಬರುವುದಿಲ್ಲ. ಅದೂ ಅಲ್ಲದೆ ಹೊಸಬರಿಗೆ ಕಲಿಸುವ ವ್ಯವಧಾನ ಕಂಪನಿಗಳಿಗೆ ಕಮ್ಮಿ. ಎರಡು ಮೂರು ವರ್ಷ ಫರ್ಮ್‌ನಲ್ಲಿ ಪಳಗಿ ಆಮೇಲೆ ಹೋದರೆ ಒಳ್ಳೆಯ ಹುದ್ದೆಗೇ ಹೋಗಬಹುದು.

ಹೈಕೋರ್ಟ್, ಸುಪ್ರೀಂ ಕೋರ್ಟ್‌ಗಳಲ್ಲಿ ನ್ಯಾಯಮೂರ್ತಿಗಳ ಜೊತೆ ಲಾ ಕ್ಲರ್ಕ್ ಆಗುವ ಅವಕಾಶವನ್ನು ನಮ್ಮವರು ಅಷ್ಟಾಗಿ ಗಮನಿಸುವುದಿಲ್ಲ. ಗೌರವಧನ ಇದೆ, ತೀರ್ಪು ಹೇಗೆ ರೂಪುಗೊಳ್ಳುತ್ತದೆ ಅಂತ ಒಳಗಿನಿಂದ ಕಾಣುತ್ತದೆ, ಮತ್ತು 2025ರ ಆ ತೀರ್ಪಿನ ಪ್ರಕಾರ ಈ ಅನುಭವ ಮೂರು ವರ್ಷದ ಎಣಿಕೆಗೂ ಸೇರುತ್ತದೆ. ಕೋರ್ಟ್ ವೆಬ್‌ಸೈಟ್‌ನಲ್ಲಿ ಅಧಿಸೂಚನೆ ಬರುತ್ತದೆ, ನೋಡುತ್ತಿರಿ.

ಓದುತ್ತಿರುವಾಗಲೇ ರುಚಿ ನೋಡಿ

ಬಾರ್ ಕೌನ್ಸಿಲ್‌ನ 2008ರ ನಿಯಮದಂತೆ ಐದು ವರ್ಷದ ಕೋರ್ಸಿನವರು 20 ವಾರ, ಮೂರು ವರ್ಷದವರು 12 ವಾರ ಇಂಟರ್ನ್‌ಶಿಪ್ ಮಾಡಲೇಬೇಕು, ಒಂದೇ ಸಲಕ್ಕೆ 4 ವಾರ ಮೀರುವಂತಿಲ್ಲ. ಪರಿಚಯದವರಿಂದ ಸರ್ಟಿಫಿಕೇಟ್ ಬರೆಸಿಕೊಂಡು ಇದನ್ನು ಮುಗಿಸುವವರು ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಯಾವ ಜಾಗ ನಿಮಗೆ ಸರಿ ಅಂತ ಹೋಲಿಸಿ ನೋಡಲು ಇಷ್ಟು ಅಗ್ಗದ ಅವಕಾಶ ಮತ್ತೆ ಸಿಗುವುದಿಲ್ಲ. ಒಂದು ಸಲ ಟ್ರಯಲ್ ಕೋರ್ಟ್, ಒಂದು ಸಲ ಹೈಕೋರ್ಟ್, ಒಂದು ಸಲ ಫರ್ಮ್. ಒಂದು ಎಚ್ಚರಿಕೆ: ಏಪ್ರಿಲ್ ಕೊನೆ ಇಲ್ಲಾ ಮೇ ಮೊದಲಿಗೆ ಕೋರ್ಟುಗಳಿಗೆ ಬೇಸಿಗೆ ರಜೆ ಶುರುವಾಗುತ್ತದೆ, ಮೇ ತಿಂಗಳ ಬಹುಪಾಲು ಕೋರ್ಟ್ ಹಾಲ್ ಖಾಲಿ. ಮೇ ತಿಂಗಳನ್ನು ಫರ್ಮ್‌ಗೆ ಇಟ್ಟುಕೊಳ್ಳಿ, ವಕೀಲರ ಹತ್ತಿರ ಬೇರೆ ತಿಂಗಳಲ್ಲಿ ಹೋಗಿ.

ಅರ್ಜಿಯ ರೀತಿಯೂ ಜಾಗಕ್ಕೆ ತಕ್ಕಂತೆ ಬದಲಾಗಬೇಕು. ದೊಡ್ಡ ಫರ್ಮ್ ಆದರೆ ಅವರ ವೆಬ್‌ಸೈಟ್‌ನ ನಮೂನೆ, ಒಂದೇ ಪುಟದ ಸಿವಿ, ಯಾವ ಟೀಮು ಬೇಕು ಅನ್ನುವ ಸ್ಪಷ್ಟ ಸಾಲು. ಸಣ್ಣ ಫರ್ಮ್ ಆದರೆ ನೇರವಾಗಿ ಪಾರ್ಟ್‌ನರ್‌ಗೆ ಮೇಲ್, ಅವರ ಫರ್ಮ್ ಏನು ಕೆಲಸ ಮಾಡುತ್ತದೆ ಅಂತ ತಿಳಿದುಕೊಂಡು ಬರೆದದ್ದು. ಒಂದೇ ಮೇಲ್ ಅನ್ನು ಐವತ್ತು ಜನಕ್ಕೆ ಒಟ್ಟಿಗೆ ಹಾಕಿ ಕಳಿಸಿದರೆ, ವಿಳಾಸದ ಸಾಲು ನೋಡಿದ ಕೂಡಲೇ ಗೊತ್ತಾಗುತ್ತದೆ, ಯಾರೂ ತೆರೆಯುವುದಿಲ್ಲ. ‘ಕಾನೂನಿನ ಬಗ್ಗೆ ಅಪಾರ ಆಸಕ್ತಿ ಇದೆ’ ಅನ್ನುವ ವಾಕ್ಯ ತೆಗೆದುಬಿಡಿ. ಅದರ ಜಾಗದಲ್ಲಿ ನೀವು ಮಾಡಿದ ಒಂದು ಕೆಲಸ ಬರೆಯಿರಿ. ತಾಲ್ಲೂಕು ಕೋರ್ಟಿನಲ್ಲಿ ಆಸ್ತಿ ಪಾಲಿನ ದಾವೆಯೊಂದರ ಕರಡು ಬರೆದೆ, ಸೀನಿಯರ್ ಇಂಥಿಂಥದ್ದನ್ನು ತಿದ್ದಿದರು ಅಂತ ಬರೆದರೂ ಸಾಕು, ಕಕ್ಷಿದಾರರ ಹೆಸರು ಮಾತ್ರ ಬೇಡ. ಸೀನಿಯರ್ ಆಫೀಸ್‌ಗೆ ಮೇಲ್ ಅಷ್ಟಾಗಿ ನಡೆಯುವುದಿಲ್ಲ. ಕೋರ್ಟಿನಲ್ಲಿ ಅವರ ವಾದ ಕೇಳಿ, ಊಟದ ವಿರಾಮದ ಗಡಿಬಿಡಿಯಲ್ಲಿ ಅವರನ್ನು ನಿಲ್ಲಿಸಿ ಮಾತಾಡಿಸದೆ, ಸಂಜೆ ಆಫೀಸಿಗೆ ಫೋನ್ ಮಾಡಿ ಸಮಯ ಕೇಳಿ ಹೋಗಿ.

2024ರ ಜುಲೈ 1ರಿಂದ ಹೊಸ ಕ್ರಿಮಿನಲ್ ಕಾನೂನುಗಳು ಬಂದಿವೆ. ಅದಕ್ಕೂ ಹಿಂದಿನ ಅಪರಾಧಗಳು ಇನ್ನೂ ಐಪಿಸಿಯಲ್ಲೇ ನಡೆಯುತ್ತಿವೆ. ಕ್ರಿಮಿನಲ್ ಕೆಲಸ ಇರುವ ಆಫೀಸ್‌ನಲ್ಲಿ ಈ ಎರಡನ್ನೂ ಕೇಳುತ್ತಾರೆ, ತಯಾರಾಗಿ ಹೋಗಿ.

ನೀವೂ ಕೇಳಿ. ಹಿಂದಿನ ವರ್ಷ ಸೇರಿದವರು ಈಗ ಏನು ಕೆಲಸ ಮಾಡುತ್ತಿದ್ದಾರೆ? ವಕಾಲತ್ತಿನಲ್ಲಿ ನನ್ನ ಹೆಸರು ಇರುತ್ತದಾ? ನಾನು ಬರೆದದ್ದನ್ನು ಯಾರು ತಿದ್ದುತ್ತಾರೆ? ಹೆಣ್ಣುಮಕ್ಕಳು ಇನ್ನೊಂದನ್ನು ತಿಳಿದಿರಬೇಕು. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಲ್ಲಿ ಟ್ರೈನಿಗಳೂ ನೌಕರರ ವ್ಯಾಖ್ಯೆಯೊಳಗೆ ಬರುತ್ತಾರೆ. ಹತ್ತು ಜನ ಅಥವಾ ಹೆಚ್ಚು ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಅದಕ್ಕಿಂತ ಸಣ್ಣ ಆಫೀಸ್ ಆದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಸೇರುವ ಮೊದಲು ಅಲ್ಲಿ ಕೆಲಸ ಮಾಡಿ ಬಿಟ್ಟ ಒಬ್ಬ ಹೆಣ್ಣುಮಗಳ ಹತ್ತಿರ ಐದು ನಿಮಿಷ ಮಾತಾಡಿ. ರಾತ್ರಿ ತಡವಾದರೆ ಮನೆಗೆ ಹೇಗೆ ಕಳಿಸುತ್ತಾರೆ ಅನ್ನುವುದರಿಂದ ಹಿಡಿದು ಎಲ್ಲವೂ ಗೊತ್ತಾಗುತ್ತದೆ.

ಎರಡು ಕಡೆಯಿಂದ ಕರೆ ಬಂದರೆ ಹೀಗೆ ನೋಡಿ. ಜಡ್ಜ್ ಆಗಬೇಕು ಇಲ್ಲಾ ವಾದ ಮಾಡಬೇಕು ಅನ್ನುವವರು ಟ್ರಯಲ್ ಆಫೀಸ್ ಬಿಡಬೇಡಿ, ಎರಡು ಆಫೀಸ್‌ಗಳಲ್ಲಿ ಜಾಸ್ತಿ ಕೇಸಿರುವುದನ್ನು ಆರಿಸಿ. ಮನೆಯ ಸಾಲ ತಲೆ ಮೇಲಿದ್ದು ದೊಡ್ಡ ಫರ್ಮ್‌ನಿಂದ ಆಫರ್ ಬಂದಿದ್ದರೆ ಹಿಂದೆಮುಂದೆ ನೋಡದೆ ಸೇರಿ, ಸಾಧ್ಯವಾದರೆ ಅದರ ವ್ಯಾಜ್ಯ ವಿಭಾಗವನ್ನೇ ಕೇಳಿ. ಇನ್ನೂ ಗೊತ್ತಾಗುತ್ತಿಲ್ಲ ಅನ್ನುವವರು ಕೋರ್ಟ್ ಕೆಲಸ ಇರುವ ಮಧ್ಯಮ ಫರ್ಮ್‌ಗೆ ಹೋಗಿ, ಎಂಟು ಹತ್ತು ತಿಂಗಳಲ್ಲಿ ನಿಮಗೇ ತಿಳಿಯುತ್ತದೆ. ಯಾವುದನ್ನು ಬೇಡ ಅಂದಿರೋ ಅವರಿಗೆ ಅದೇ ದಿನ ಫೋನ್ ಮಾಡಿ ವಿನಯದಿಂದ ತಿಳಿಸಿ, ಅದೇ ಕೋರ್ಟಿನಲ್ಲಿ ನಾಳೆ ಎದುರು ಬದುರು ನಿಲ್ಲಬೇಕಾದವರು ನೀವು.